ಕಂಬ ಏರಿದ ಮೇಲೆ

ಬೆಳಿಗ್ಗೆ ಆರೂವರೆ ಆಯಿತೆಂದರೆ ಮೇಳಿಗೆಯ ಶ್ಯಾಮಣ್ಣನ ದನಿ ಸಾಗರದ ಜಟ್ಟಿಂಗಪ್ಪನ ಮನೆಯೊಳಗೆ ಬಂದು ಕೂರುತ್ತಿತ್ತು. ಜೋಗದ ರಸ್ತೆ ಬದಿಯ ಆ ಪುಟ್ಟ ತಾರಸಿ ಮನೆಯ ಮುಂದಿನ ಕೋಣೆಯಲ್ಲಿ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಸೆಟ್ಟು, ಹಿತ್ತಲಲ್ಲಿ ಬಿದಿರಿನ ಗಳ, ಗಳದ ತುದಿಯಿಂದ ಎರಡೂ ಕಡೆಗೆ ಇಳಿಬಿಟ್ಟ ಆಂಟೆನಾ ತಂತಿ. ಇಬ್ಬರೂ ಜೋಗದ ಪವರ್ ಹೌಸಿನಲ್ಲಿ ಒಂದೇ ಶಿಫ್ಟಿನಲ್ಲಿ ದುಡಿದವರು, ಒಟ್ಟಿಗೆ ಕೂತು ಓದಿ ಹ್ಯಾಮ್ ಪರೀಕ್ಷೆ ಪಾಸು ಮಾಡಿ, ರೇಡಿಯೋದಲ್ಲಿ ಹೆಸರಿನ ಬದಲು ಹೇಳುವ ಕಾಲ್ ಸೈನ್ ಪಡೆದವರು. ರಿಟೈರಾಗಿ ಒಬ್ಬ ಸಾಗರಕ್ಕೆ, ಇನ್ನೊಬ್ಬ ಮೇಳಿಗೆಯ ಮಗಳು ಕವನಾಳ ಮನೆಗೆ ಹೋದ ಮೇಲೆ ಹನ್ನೊಂದು ವರ್ಷ ಈ ಮಾತುಕತೆ ಒಂದು ದಿನವೂ ತಪ್ಪಿರಲಿಲ್ಲ. ಮಾತಾದರೂ ಏನು ಮಹಾ? ಮಂಜು ಬಿತ್ತಾ, ತಿಂಡಿ ಎಂತ, ಬಿ.ಪಿ. ಮಾತ್ರೆ ನುಂಗಿದ್ಯಾ, ಅಷ್ಟೇ.

"ಜಟ್ಟಿಂಗಪ್ಪ, ಇಲ್ಲಿ ಕವನಾ ಇವತ್ತು ಕಡುಬು ಮಾಡಿದಾಳೆ ಮಾರಾಯ. ನಿಮ್ಮನೇಲಿ ಎಂತ? ಓವರ್."

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಗುತ್ಯಮ್ಮನಿಗೆ ಅದು ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಸೆಟ್ಟಿಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದ ಗಂಡ ಮಾತ್ರ ಗುಂಡಿ ತಿರುಗಿಸುತ್ತಲೇ ಇದ್ದರು.

"ಎಂತದೂ ಬರ್ತಿಲ್ಲ. ಬರೀ ಗರಗರ."

ಗುತ್ಯಮ್ಮ ಕೈ ಒರೆಸಿಕೊಂಡು ಕಾಫಿ ಲೋಟ ಹಿಡಿದು ಹೋದಳು. ಲೋಟ ಇಡುವ ನೆವದಲ್ಲಿ ಗಂಡನ ಬಲಕಿವಿಯ ಹತ್ತಿರ ಬಗ್ಗಿ, "ಕಡುಬು ಅಂದ್ರಲ್ಲ ಶ್ಯಾಮಣ್ಣ? ನಮ್ಮದು ರೊಟ್ಟಿ ಅನ್ನಿ" ಎಂದಳು.

"ಹೌದೌದು, ಕಡುಬು. ಅಷ್ಟು ಬಂತು" ಎಂದು ಜಟ್ಟಿಂಗಪ್ಪ ಮೈಕಿನ ಗುಂಡಿ ಒತ್ತಿದರು.

ದೀಪಾವಳಿ ಕಳೆದಾಗಿನಿಂದ ಹೀಗೇ ನಡೆದಿತ್ತು. ಒಂದು ದಿನ ಕಾಫಿ, ಒಂದು ದಿನ ಮಾತ್ರೆ, ಒಂದು ದಿನ ಕಸಬರಿಗೆ. ಏನೋ ಒಂದು ಹಿಡಿದು ಆ ಹೊತ್ತಿಗೆ ಮುಂದಿನ ಕೋಣೆಗೆ ಬರುವುದು, ಶ್ಯಾಮಣ್ಣ ಅಂದದ್ದನ್ನು ಮಾತಿನ ಮೇಲೆ ಮಾತು ಬಂದ ಹಾಗೆ ಗಂಡನ ಕಿವಿಗೆ ಹಾಕುವುದು. ಗಂಡನಿಗೆ ಅದು ತಾನೇ ಕೇಳಿಸಿಕೊಂಡಂತೆ. ಈ ಕೆಲಸವನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಕಿವಿ ಮಂದವಾಗಿದೆ ಎಂದು ಹೇಳಿಬಿಡಬಹುದಿತ್ತಲ್ಲ ಎಂದರೆ, ಹೇಳಿ ನೋಡಿ ಆಗಿತ್ತು. ಹಿಂದಿನ ವರ್ಷ ಮಗ ಮಂಜುನಾಥ ಊಟದ ಹೊತ್ತಿನಲ್ಲಿ ಕಿವಿ ಡಾಕ್ಟರ ಹೆಸರೆತ್ತಿದ್ದಕ್ಕೆ ಜಟ್ಟಿಂಗಪ್ಪ ತಟ್ಟೆ ದೂಡಿ ಎದ್ದು ಹೋಗಿದ್ದರು. ಹುಟ್ಟಿದೂರಿನಲ್ಲಿ ಅವರ ದೊಡ್ಡಪ್ಪ ಒಬ್ಬರನ್ನು ಊರಿಗೆ ಊರೇ ಕೆಪ್ಪ ಎಂದು ಕರೆದು ಆಟ ಆಡಿಸುತ್ತಿತ್ತು. ಚಿಕ್ಕಂದಿನಲ್ಲಿ ಆ ಆಟದಲ್ಲಿ ಇವರೂ ಇದ್ದವರೇ. ಆವತ್ತು ಅಂಗಳದಲ್ಲಿ ಕೈ ತೊಳೆಯುತ್ತಾ ಒಂದು ಮಾತು ಅಂದಿದ್ದರು: "ಕಿವಿ ಹೋದ ದಿನ ಸೆಟ್ಟಿಗೆ ಬಟ್ಟೆ ಮುಚ್ತೀನಿ. ಕೇಳದೆ ಇದ್ದವ ಮಾತಾಡಬಾರ್ದು."

ಗುತ್ಯಮ್ಮ ಹೆದರಿದ್ದು ಆ ಬಟ್ಟೆಗೆ. ಬೆಳಗಿನ ಆ ಅರ್ಧ ಗಂಟೆಯಲ್ಲಿ ಮಾತ್ರ ಗಂಡ ಪವರ್ ಹೌಸಿನ ಜಟ್ಟಿಂಗಪ್ಪನಾಗಿರುತ್ತಿದ್ದರು. ಅದೊಂದು ಹೋದರೆ ಉಳಿಯುವುದು ತೂಕಡಿಸುವ ಮುದುಕ. ಹಾಗಾಗಿ ಅವಳು ಬಾಯಿ ಮುಚ್ಚಿಕೊಂಡಳು.

ಕೇಳಿಸದೆ ಇದ್ದದ್ದಕ್ಕೆ ಏನಾದರೂ ಒಂದು ಕಾರಣ ಬೇಕಲ್ಲ. ಶಿವರಾತ್ರಿಯ ಹೊತ್ತಿಗೆ ಜಟ್ಟಿಂಗಪ್ಪ ಆ ಕಾರಣ ಹುಡುಕಿದರು.

"ಗಳದ್ದೇ ತಪ್ಪು" ಎಂದರು ಊಟಕ್ಕೆ ಕೂತಾಗ. "ಗಾಳಿಗೆ ಓಲಾಡ್ತದೆ. ತಂತಿ ಒಂದು ಕಡೆ ನಿಲ್ಲೋದಿಲ್ಲ. ಗಟ್ಟಿ ಕಂಬ ಹಾಕ್ಬೇಕು."

ಮಂಜುನಾಥನದು ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶಾಪು. "ಮೇಳಿಗೆಗೆ ಈ ಗಳವೇ ಹೆಚ್ಚಾಯ್ತು ಅಪ್ಪಯ್ಯ" ಎಂದ.

"ಹಾಂ?"

"ಹಾಕೋದಾದ್ರೆ ಜಿ.ಐ. ಪೈಪ್ ಹಾಕಾಣ ಅಂದೆ. ನಾಲ್ಕು ಕಡೆ ಸ್ಟೇ ವೈರ್ ಎಳೆದ್ರೆ ಅಲ್ಲಾಡಲ್ಲ."

"ಪೈಪ್ ಬೇಡ. ಮನೆ ಪಕ್ಕ ಸಿಡಿಲಿಗೆ ದಾರಿ ಮಾಡಿ ಕೊಡ್ತೀಯಾ?"

"ಅರ್ತಿಂಗ್ ಕೊಟ್ರೆ ಆಯ್ತಪ್ಪ. ಪವರ್ ಹೌಸಲ್ಲಿ ಇದ್ದವ್ರು ನೀವು."

"ಅಡಿಕೆ ಮರ ತನ್ನಿ ಮಾವ, ಸುಲಭಕ್ಕೆ ಸಿಗ್ತದೆ" ಎಂದಳು ಸೊಸೆ ತನುಜಾ, ಹಲಸಿನ ಗುಜ್ಜೆ ಪಲ್ಯ ಬಡಿಸುತ್ತಾ. ಅಂಗನವಾಡಿಯಲ್ಲಿ ಇಡೀ ದಿನ ಮಕ್ಕಳನ್ನು ಸುಧಾರಿಸಿ ಬರುವವಳಿಗೆ ಯಾವ ಮಾತೂ ಬೇಗ ಮುಗಿದರೆ ಸಾಕಿತ್ತು.

"ಅಡಿಕೆ ಮರ ಎರಡು ಮಳೆಗಾಲಕ್ಕೆ ಕೊಳೆತು ಕುಂಬಾಗ್ತದೆ. ಬಗನಿ ಮರ ತರ್ಬೇಕು. ಹೂವು ಕಾಯಿ ಎಲ್ಲ ಮುಗಿಸಿ ನಿಂತಲ್ಲೇ ಒಣಗಿದ್ದು. ಕಬ್ಬಿಣ ಅದರ ಮುಂದೆ ಎಂತದೂ ಅಲ್ಲ. ನಮ್ಮಪ್ಪಯ್ಯ ಕಳ್ಳು ಇಳಿಸಕ್ಕೆ ಬಗನಿ ಹತ್ತಿದವ್ರು, ಕತ್ತಿ ಬೆನ್ನಲ್ಲಿ ಒಂದು ಬಡಿದ್ರೆ ಮರದ ಜಾತಕ ಹೇಳ್ತಿದ್ರು. ನಂಗೂ ಕಲಿಸಿದಾರೆ."

ಮೊಮ್ಮಗಳು ಬಿಂದು ಸೆಕೆಂಡ್ ಪಿಯು ಹುಡುಗಿ, ಅಜ್ಜಿಯ ಕಡೆ ಬಗ್ಗಿ ಮೆಲ್ಲಗೆ, "ಗಳ ಗಟ್ಟಿ ಇದೆ ಅಜ್ಜಿ. ಅಜ್ಜಂದು ಕಿವಿ..." ಎಂದಳು.

"ಪರೀಕ್ಷೆ ಹತ್ರ ಬಂತು. ಉಂಡು ಓದ್ಕೋ ಹೋಗು" ಎಂದು ಗುತ್ಯಮ್ಮ ಅವಳ ತಟ್ಟೆಗೆ ಕೇಳದೆಯೇ ಒಂದು ಸೌಟು ಅನ್ನ ಹಾಕಿದಳು.

ಮುಂದಿನ ವಾರ ಗಂಡ ಹೆಂಡತಿ ಬಸ್ಸು ಹತ್ತಿ ಹೊಸನಗರದ ಆಚೆ ಗುತ್ಯಮ್ಮನ ತಮ್ಮ ಕೆರಿಯಪ್ಪನ ಮನೆಗೆ ಹೋದರು. ಕೆರಿಯಪ್ಪನ ಗದ್ದೆ ಮೇಲಿನ ಹುಲ್ಲು ಬ್ಯಾಣದಲ್ಲಿ ಒಣಗಿದ ಬಗನಿ ಮರ ಎರಡಿದ್ದವು. ಊಟ ಮುಗಿಸಿ ಎಲ್ಲರೂ ಅಲ್ಲಿಗೆ ಹೋದರು. ಮರ ಕಡಿಯಲು ಬಂದ ಇಬ್ಬರು ಆಳುಗಳೂ ಜೊತೆಗಿದ್ದರು.

ಮೊದಲನೆಯದು ಸ್ವಲ್ಪ ಸಣಕಲು, ನಡುವಲ್ಲಿ ಒಂದಿಷ್ಟು ಡೊಂಕು. ಜಟ್ಟಿಂಗಪ್ಪ ಕತ್ತಿಯ ಬೆನ್ನಿನಿಂದ ಬಡಿದರು. ಠಣ ಠಣ ಎಂದು ಬ್ಯಾಣದ ತುಂಬಾ ಕೇಳಿಸಿತು. ಜಟ್ಟಿಂಗಪ್ಪ ತಲೆ ವಾಲಿಸಿ, ಕಣ್ಣು ಮುಚ್ಚಿ ನಿಂತರು. ಅವರಪ್ಪ ಹಾಗೇ ನಿಲ್ಲುತ್ತಿದ್ದಿರಬೇಕು. ಆಮೇಲೆ ತಲೆ ಅಲ್ಲಾಡಿಸಿದರು.

"ಇದ್ರೊಳಗೆ ಜೀವ ಇಲ್ಲ."

ಎರಡನೆಯದು ನೆಟ್ಟಗೆ, ದಪ್ಪಗೆ, ನೋಡಲು ಲಕ್ಷಣವಾಗಿತ್ತು. ಬಡಿದರೆ ದಬ ದಬ ಎಂದಿತು. ಒಳಗೆ ಕುಂಬಾಗಿದೆ ಎಂದು ತಿಳಿಯಲು ಬಗನಿ ಹತ್ತಿದವರ ಮನೆಯಲ್ಲಿ ಹುಟ್ಟಬೇಕೆಂದೇನೂ ಇರಲಿಲ್ಲ. ಆಳುಗಳಿಬ್ಬರೂ ಮುಖ ಮುಖ ನೋಡಿಕೊಂಡರು.

"ಕೇಳಿದ್ಯಾ ಕೆರಿಯಪ್ಪ? ಗಂಟೆ ಬಾರಿಸಿದ ಹಂಗಿದೆ. ಇದೇ ಇರ್ಲಿ" ಎಂದರು ಜಟ್ಟಿಂಗಪ್ಪ.

ಕೆರಿಯಪ್ಪ, "ಭಾವ, ಅದು..." ಎಂದು ಬಾಯಿ ತೆರೆದವನು ಅಕ್ಕನ ಮುಖ ನೋಡಿದ. ಗುತ್ಯಮ್ಮ ಕಣ್ಣಲ್ಲೇ ಬೇಡ ಎಂದಳು. ಕೂಲಿಯವರ ಎದುರು, ತನ್ನ ತವರಿನ ನೆಲದಲ್ಲಿ, ಗಂಡ ತಮ್ಮಪ್ಪನ ವಿದ್ಯೆ ತೋರಿಸಿ ನಿಂತಿರುವಾಗ ಅದನ್ನು ಕೆಡಿಸುವ ಮನಸ್ಸು ಅವಳಿಗೆ ಬರಲಿಲ್ಲ. ಒಂದು ಕಂಬ ತಾನೆ, ಎರಡು ವರ್ಷ ನಿಂತರೆ ಸಾಕು ಎಂದುಕೊಂಡಳು.

"ನೀವು ಹೇಳಿದ್ಮೇಲೆ ಮುಗೀತು ಭಾವ" ಎಂದ ಕೆರಿಯಪ್ಪ.

ಮರ ಟ್ರ್ಯಾಕ್ಟರಿನಲ್ಲಿ ಸಾಗರಕ್ಕೆ ಬಂದದ್ದು ಬುಧವಾರ. ಜಟ್ಟಿಂಗಪ್ಪ ಮೂರು ದಿನ ಬಿಸಿಲಿನಲ್ಲಿ ಕೂತು ಅದನ್ನು ಹೆರೆದರು, ಎಣ್ಣೆ ಬಳಿದರು. ತನುಜಾ ಹಪ್ಪಳ ಒಣಗಿಸಲು ಜಾಗವಿಲ್ಲವೆಂದು ಗೊಣಗಿದಳು. ಭಾನುವಾರ ಮಧ್ಯಾಹ್ನ ಕಂಬ ಏರಿಸುವುದೆಂದು ಗೊತ್ತಾಯಿತು.

ಆ ಶನಿವಾರ ಬೆಳಿಗ್ಗೆ ಗುತ್ಯಮ್ಮ ಒಲೆಯ ಮುಂದೆ ಮೀನು ಸಾರಿಗೆ ಕಾಯಿ ಹುರಿಯುತ್ತಿದ್ದಳು. ಸೆಟ್ಟಿನಲ್ಲಿ ಶ್ಯಾಮಣ್ಣನ ದನಿ ಯಾವತ್ತಿನಂತೆ ಇರಲಿಲ್ಲ. ನಿಧಾನವಾಗಿತ್ತು, ನಡುನಡುವೆ ನಿಲ್ಲುತ್ತಿತ್ತು.

"ಜಟ್ಟಿಂಗಪ್ಪ, ನಿಂಗೆ ಹೇಳ್ದೆ ಇರಕ್ಕೆ ಆಗ್ಲಿಲ್ಲ. ಎದೆದು ಆಪರೇಷನ್ ಆಗ್ಬೇಕಂತೆ, ಬುಧವಾರ. ಸೋಮವಾರ ಮಂಗಳೂರಿಗೆ ಹೊರಡ್ತೀವಿ. ನಂಗೆ ಧೈರ್ಯ ಸಾಲ್ತಿಲ್ಲ ಮಾರಾಯ. ಮಗಳ ಎದುರು ಹಂಗೆ ಹೇಳಕ್ಕಾಗಲ್ಲ. ಹೊರಡೋದ್ರೊಳಗೆ ಒಂದ್ಸಲ ಬಂದು ಹೋಗು. ಸುಮ್ನೆ ಒಂಚೂರು ಹೊತ್ತು ಕೂತು ಹೋಗು, ಸಾಕು. ಓವರ್."

ಗುತ್ಯಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಅವಳು ಮುಂದಿನ ಕೋಣೆಗೆ ಓಡುವಷ್ಟರಲ್ಲಿ ಜಟ್ಟಿಂಗಪ್ಪ ಮೈಕು ಒತ್ತಿಯಾಗಿತ್ತು.

"ಶ್ಯಾಮ, ಒಂದೂ ಸರಿಯಾಗಿ ಬರ್ತಿಲ್ಲ. ನಾಳೆ ಹೊಸ ಕಂಬ ಏರಿಸ್ತಿದೀವಿ, ಬಗನಿದು, ಗಟ್ಟಿ ಕಂಬ. ಅದು ಏರಿದ ಮೇಲೆ ಮಾತಾಡಾಣ. ಓವರ್."

ಸ್ವಲ್ಪ ಹೊತ್ತು ಬರೀ ಸದ್ದು. ಆಮೇಲೆ ಶ್ಯಾಮಣ್ಣ, "ಆಯ್ತು. ಹಂಗೇ ಆಗ್ಲಿ" ಎಂದ.

ಗುತ್ಯಮ್ಮ ಗಂಡನ ಬಲಕಿವಿಗೆ ಬಗ್ಗಿದಳು. "ಶ್ಯಾಮಣ್ಣ ಒಂದ್ಸಲ ಬಂದು ಹೋಗು ಅಂದ್ರಲ್ಲ. ಹುಷಾರಿಲ್ವಂತೆ."

ಜಟ್ಟಿಂಗಪ್ಪ ತಿರುಗಿ ಅವಳನ್ನು ನೋಡಿದರು. "ಯಾವಾಗ ಅಂದ?"

"ಈಗ."

"ನಾನೇ ಇಲ್ಲಿ ಎದುರಿಗೆ ಕೂತಿದೀನಿ. ನಂಗೆ ಬಾರದ್ದು ನಿಂಗೆ ಅಡುಗೆಮನೆಗೆ ಬಂತಾ?"

ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅನುಮಾನವಿತ್ತು. ಅದರ ಹಿಂದೆ ಹೆದರಿಕೆಯಿತ್ತು. ಇನ್ನೊಂದು ಮಾತು ಆಡಿದರೆ ಈ ಕ್ಷಣದಲ್ಲೇ ಸೆಟ್ಟಿಗೆ ಬಟ್ಟೆ ಬೀಳುತ್ತದೆ ಎಂದು ಗುತ್ಯಮ್ಮನಿಗೆ ಅನ್ನಿಸಿತು.

"ಇಲ್ಲ, ನಂಗೇ ಹಂಗನ್ಸಿತು" ಎಂದಳು. ಒಳಗೆ ಕಾಯಿ ಸೀದ ವಾಸನೆ ಬಂತು.

ಅವಳು ಸುಮ್ಮನೆ ಕೂರಲಿಲ್ಲ. ಅವಳದೂ ಒಂದು ಲೆಕ್ಕಾಚಾರವಿತ್ತು. ಭಾನುವಾರ ಹೊಸ ಕಂಬ ಏರುತ್ತದೆ. ಸೋಮವಾರ ಬೆಳಿಗ್ಗೆ ಶ್ಯಾಮಣ್ಣ ಮಾತಾಡುತ್ತಾನೆ. ಆಗ ಹೇಳಿದರೆ ಗಂಡ ಹೊಸ ಕಂಬದಿಂದ ಬಂತು ಎಂದು ನಂಬುತ್ತಾರೆ. ಏಳೂವರೆಯ ಬಸ್ಸು ಹಿಡಿದರೆ ಹನ್ನೊಂದಕ್ಕೆಲ್ಲ ಮೇಳಿಗೆ. ಅವರು ಮಂಗಳೂರಿಗೆ ಹೊರಡುವುದು ಊಟ ಮಾಡಿಯೇ ಇರಬೇಕು. ಶನಿವಾರ ಸಂಜೆಯೇ ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಇಟ್ಟಳು.

"ಎಲ್ಲಿಗೆ ಹೊರಟ್ರಿ ಅತ್ತೆ?" ಎಂದು ತನುಜಾ ಕೇಳಿದಳು.

ಗುತ್ಯಮ್ಮ ಎಲ್ಲವನ್ನೂ ಹೇಳಿದಳು. ತನುಜಾ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಇವತ್ತೇ ಹೇಳ್ಬಿಡಿ ಅತ್ತೆ. ನೀವು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ."

"ಬೇಡ. ಒಂದ್ ದಿನ ತಾನೆ."

"ನೀವು ಮಾವನ್ನ ಕಾಪಾಡ್ತಿದೀರೋ, ನಿಮ್ಮನ್ನ ಕಾಪಾಡ್ಕೊಳ್ತಿದೀರೋ?"

ಈ ಮಾತು ಗುತ್ಯಮ್ಮನಿಗೆ ಚೆನ್ನಾಗಿ ತಾಗಿತು. "ನಿಂಗೆ ಗೊತ್ತಾಗಲ್ಲ" ಎಂದು ಎದ್ದು ಹೋದಳು. ಮರುದಿನ ಮಧ್ಯಾಹ್ನದವರೆಗೆ ಅತ್ತೆ ಸೊಸೆ ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ಕಂಬದ ಗಡಿಬಿಡಿಯಲ್ಲಿ ಜಟ್ಟಿಂಗಪ್ಪ ಸೆಟ್ಟು ಹಾಕಲಿಲ್ಲ. ಮಧ್ಯಾಹ್ನ ಮಂಜುನಾಥ ಶಾಪಿನ ಹುಡುಗರನ್ನು ಕರೆತಂದ. ಕೆರಿಯಪ್ಪನೂ ಬಂದ. ಬಿದಿರಿನ ಗಳ ಕೆಳಗಿಳಿಸಿ, ತಂತಿ ಬಿಚ್ಚಿ ಬಗನಿ ಕಂಬದ ತುದಿಗೆ ಕಟ್ಟಿದರು. ಬುಡವನ್ನು ಗುಂಡಿಗೆ ಕೊಟ್ಟು, ಹಗ್ಗ ಎಳೆಯುತ್ತಾ, ಕವೆಗೋಲು ಕೊಡುತ್ತಾ ಎತ್ತತೊಡಗಿದರು. ಜಟ್ಟಿಂಗಪ್ಪ ಲುಂಗಿ ಎತ್ತಿ ಕಟ್ಟಿ, ಪವರ್ ಹೌಸಿನಲ್ಲಿ ನಿಂತವರಂತೆ, "ಎಡಕ್ಕೆ ಬಿಡಿ, ಬಲಕ್ಕೆ ಎಳೀರಿ" ಎಂದು ಕೈ ಬೀಸುತ್ತಿದ್ದರು. ಇಷ್ಟು ಲವಲವಿಕೆಯಲ್ಲಿ ಅವರನ್ನು ಮನೆಯವರು ನೋಡಿ ಎಷ್ಟೋ ಕಾಲವಾಗಿತ್ತು.

ಕಂಬ ಅರ್ಧ ಏರಿದಾಗ ಒಳಗಿನಿಂದ ಲಟಲಟ ಎಂದಿತು.

"ಅಪ್ಪಯ್ಯ, ಆಚೆ ಸರೀರಿ" ಎಂದು ಮಂಜುನಾಥ ಕೂಗಿದ. ಜಟ್ಟಿಂಗಪ್ಪ ಕಂಬದ ಕೆಳಗೆ ನಿಂತು ಮೇಲೆಯೇ ನೋಡುತ್ತಿದ್ದರು. ಬಿಂದು ಓಡಿ ಹೋಗಿ ಅಜ್ಜನ ರಟ್ಟೆ ಹಿಡಿದು ಎಳೆಯದೆ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಂಬ ನಡುವಿನಲ್ಲಿ ಮುರಿದು ತಾರಸಿಯ ಅಂಚಿಗೆ ಬಡಿಯಿತು, ನೀರಿನ ಟ್ಯಾಂಕಿನ ಪೈಪು ಒಡೆಯಿತು, ಆಂಟೆನಾ ತಂತಿ ತುಂಡಾಯಿತು. ಮುರಿದ ಬಾಯಿಯಿಂದ ಕಂದು ಹುಡಿ ಸುರಿಯಿತು. ಬುಡ, ತುದಿಯಲ್ಲಿ ಗಟ್ಟಿ ಕಂಡರೂ ನಡುವಿನ ಒಳಗೆ ಗಟ್ಟಿಯೆಂಬುದು ಎರಡು ಬೆರಳಿನಷ್ಟೂ ಇರಲಿಲ್ಲ.

ಜಟ್ಟಿಂಗಪ್ಪ ಆ ಹುಡಿಯನ್ನು ಅಂಗೈಗೆ ಹಾಕಿಕೊಂಡು ನೋಡಿದರು. "ನಾನೇ ಬಡಿದು ನೋಡಿದ್ನಲ್ಲ" ಎಂದರು. ಕೆರಿಯಪ್ಪ ನೆಲ ನೋಡುತ್ತಿದ್ದ. ಆ ಸಂಜೆ ಜಟ್ಟಿಂಗಪ್ಪ ಬಿದ್ದ ಕಂಬದ ಮೇಲೇ ಕೂತಿದ್ದರು, ಊಟಕ್ಕೆ ಏಳಲಿಲ್ಲ. ಗುತ್ಯಮ್ಮ ಎರಡು ಸಲ ಹತ್ತಿರ ಹೋಗಿ ಎರಡು ಸಲವೂ ಹಾಗೇ ವಾಪಸು ಬಂದಳು. ಬಾಗಿದ ಆ ಬೆನ್ನು ನೋಡಿ, ಇದರ ಮೇಲೆ ಇನ್ನೊಂದು ಹೊರೆ ಹೇಗೆ ಹಾಕಲಿ ಎಂದು ಅತ್ತಳು.

ಸೋಮವಾರ ಆರೂವರೆಗೆ ಸೆಟ್ಟು ಮಾತಾಡಲಿಲ್ಲ. ತಂತಿಯೇ ಇರಲಿಲ್ಲ. ಗುತ್ಯಮ್ಮನ ಒತ್ತಾಯಕ್ಕೆ ಮಂಜುನಾಥ ಒಂಬತ್ತು ಗಂಟೆಗೆ ಕವನಾಗೆ ಫೋನ್ ಮಾಡಿದ. ಅವರು ಬೆಳಿಗ್ಗೆಯೇ ಹೊರಟು ಆಗುಂಬೆ ಘಾಟಿ ಇಳಿಯುತ್ತಿದ್ದರು.

"ಆಪರೇಷನ್ ಆಗಿ ಬರ್ಲಿ, ಹೋಗಿ ನೋಡ್ಕೊಂಡ್ ಬರಾಣ" ಎಂದ ಮಂಜುನಾಥ. "ಈಗ್ಲೇ ಹೇಳಿ ಅಪ್ಪಯ್ಯಂಗೆ ಗಾಬರಿ ಮಾಡೋದು ಬೇಡ."

ತನುಜಾ ಏನೋ ಹೇಳಲು ಬಂದವಳು ಅತ್ತೆಯ ಮುಖ ನೋಡಿ ಸುಮ್ಮನಾದಳು.

ಬುಧವಾರ ಮಧ್ಯಾಹ್ನ ಫೋನ್ ಬಂತು. ಆಪರೇಷನ್ನಿಗೆ ಕರೆದುಕೊಂಡು ಹೋಗುವ ಮೊದಲೇ, ಹಾಸಿಗೆಯಲ್ಲೇ, ಶ್ಯಾಮಣ್ಣನ ಎದೆಬಡಿತ ನಿಂತಿತ್ತು.

ಗುರುವಾರ ಮೇಳಿಗೆಗೆ ಎಲ್ಲರೂ ಹೋದರು. ಜಟ್ಟಿಂಗಪ್ಪ ಇಸ್ತ್ರಿ ಹಾಕಿಟ್ಟಿದ್ದ ಆ ಬಿಳಿ ಅಂಗಿಯನ್ನೇ ಹಾಕಿಕೊಂಡಿದ್ದರು. ಗೆಳೆಯನ ಕಾಲ ಬಳಿ ಕೂತವರು ಎದ್ದದ್ದು ಹೊರುವವರು ಬಂದಾಗಲೇ. ಕವನಾ ಅವರ ಎದುರು ನಿಂತು, "ಅಪ್ಪ ಶನಿವಾರ ನಿಮ್ಮ ಹತ್ರ ಮಾತಾಡಿದೆ ಅಂದ್ರು ಮಾವ" ಎಂದಳು. ಜಟ್ಟಿಂಗಪ್ಪ ತಲೆ ಆಡಿಸಿದರು. ಇತ್ತೀಚೆಗೆ ಅವರು ಎಲ್ಲದಕ್ಕೂ ಹಾಗೇ ತಲೆ ಆಡಿಸುತ್ತಿದ್ದರು. ಕವನಾ ಗುತ್ಯಮ್ಮನ ಕಡೆ ತಿರುಗಿದಳು.

"ಕಂಬ ಏರಿದ ಮೇಲೆ ಮಾತಾಡಾಣ ಅಂದ ಜಟ್ಟಿಂಗಪ್ಪ, ಅಂತ ನಗಾಡಿದ್ರು. ಆದ್ರೂ ಸೋಮವಾರ ಬೆಳಿಗ್ಗೆ ಗೇಟಿನ ಹತ್ರ ಕುರ್ಚಿ ಹಾಕ್ಕೊಂಡ್ ಕೂತಿದ್ರು. ಮೊದಲ ಬಸ್ ಬಂದು ಹೋಗೋ ತನಕ ಕಾರು ಹತ್ತಲಿಲ್ಲ."

ಗುತ್ಯಮ್ಮನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಬರುವಾಗ ಬಸ್ಸಿನಲ್ಲಿ ಜಟ್ಟಿಂಗಪ್ಪ ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ಹೊಸನಗರ ದಾಟಿದ ಮೇಲೆ ಬಾಯಿ ಬಿಟ್ಟರು. ತಮ್ಮ ದನಿ ಎಷ್ಟು ಜೋರೆಂದು ಅವರಿಗೆ ಗೊತ್ತಿರಲಿಲ್ಲ. ಇಡೀ ಬಸ್ಸಿಗೆ ಕೇಳಿಸಿತು.

"ಆಪರೇಷನ್ ಅಂತ ಒಂದ್ ಮಾತು ಹೇಳ್ಲಿಲ್ಲ ನೋಡು. ನಲವತ್ತು ವರ್ಷದ ಸ್ನೇಹ. ಊರಿಗೆಲ್ಲ ಹೇಳಿದಾನೆ, ನಂಗೆ ಹೇಳ್ಲಿಲ್ಲ. ಅಷ್ಟೇ ಆಗಿದ್ದೆ ನಾನು ಅವಂಗೆ."

ಅಂದಿನಿಂದ ಇದೇ ಮಾತು. ಸ್ನಾನಕ್ಕೆ ಹೋಗುವಾಗ, ಊಟದ ನಡುವೆ, ಒಬ್ಬರೇ ಕೂತಾಗ. ದುಃಖ ಸಿಟ್ಟಾಯಿತು, ಸಿಟ್ಟು ತಿರಸ್ಕಾರವಾಯಿತು. ಶ್ಯಾಮಣ್ಣನ ಜೊತೆ ತೆಗೆಸಿದ್ದ ಫೋಟೋವನ್ನು ಗೋಡೆಯಿಂದ ಇಳಿಸಿ ಬೀರುವಿನ ಹಿಂದೆ ಇಟ್ಟರು. ಗಂಡನ ಹೆಮ್ಮೆ ಉಳಿಸಲು ಹೋಗಿ ಸತ್ತವನ ಹೆಸರು ಕೆಡಿಸುತ್ತಿದ್ದೇನೆ ಎಂದು ಗುತ್ಯಮ್ಮನಿಗೆ ಅನ್ನಿಸಿತು.

ಅಪ್ಪನ ಸಮಾಧಾನಕ್ಕೆಂದು ಮಂಜುನಾಥ ಭಾನುವಾರ ಶಾಪಿನಿಂದ ಪೈಪು ತಂದು ಬೆಸೆದು ನಿಲ್ಲಿಸಿದ. ನಾಲ್ಕು ಕಡೆ ಸ್ಟೇ ವೈರ್, ಬುಡಕ್ಕೆ ಕಾಂಕ್ರೀಟು, ಅರ್ತಿಂಗ್. ಅಲ್ಲಾಡಿಸಿದರೂ ಅಲ್ಲಾಡದ ಕಂಬ. ಮತ್ತೆ ನಾಲ್ಕು ದಿನ ಕಳೆದು, ಸಿಮೆಂಟು ಒಣಗಿದ ಮೇಲೆ, ತಂತಿ ಕಟ್ಟಿದ.

ಮರುದಿನ ಬೆಳಿಗ್ಗೆ ಆರೂವರೆಗೆ ಜಟ್ಟಿಂಗಪ್ಪ ಅಭ್ಯಾಸಬಲದಿಂದ ಸೆಟ್ಟಿನ ಮುಂದೆ ಕೂತರು. ಸ್ವಿಚ್ಚು ಹಾಕಿದರು. ಮೈಕು ಮುಟ್ಟಲಿಲ್ಲ.

"ಎಷ್ಟು ಗಟ್ಟಿ ಕಂಬ ಇದ್ದು ಎಂತ ಮಾಡೋದು. ಹೇಳ್ಬೇಕಾದವ ಹೇಳ್ಲಿಲ್ಲ" ಎಂದರು.

ಗುತ್ಯಮ್ಮ ಒಲೆ ಆರಿಸಿದಳು. ಈ ಸಲ ಕೈಯಲ್ಲಿ ಕಾಫಿ ಇರಲಿಲ್ಲ, ಕಸಬರಿಗೆಯೂ ಇರಲಿಲ್ಲ. ಕುರ್ಚಿ ಎಳೆದು ಗಂಡನ ಬಲಕ್ಕೆ ಕೂತಳು.

"ಹೇಳಿದ್ರು" ಎಂದಳು.

"ಹಾಂ?"

"ಶ್ಯಾಮಣ್ಣ ಹೇಳಿದ್ರು. ಶನಿವಾರ. ನಾನು ಕೇಳಿದೀನಿ."

ಜಟ್ಟಿಂಗಪ್ಪನ ಮುಖ ಬಿಳಿಚಿತು. "ಎಂತ ಹೇಳಿದ?"

ಗೆಳೆಯ ಮೆಲ್ಲಗೆ ಹೇಳಿದ್ದನ್ನು ಅವಳು ಕೂಗಿ ಹೇಳಬೇಕಾಯಿತು. ಮಗಳ ಎದುರೂ ಆಡಲಾಗದೆ ಶ್ಯಾಮಣ್ಣ ಒಬ್ಬನಿಗೇ ಹೇಳಿಕೊಂಡಿದ್ದನ್ನು ಗುತ್ಯಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದಳು. ನಂಗೆ ಧೈರ್ಯ ಸಾಲ್ತಿಲ್ಲ ಮಾರಾಯ. ಒಂದ್ಸಲ ಬಂದು ಹೋಗು. ಸುಮ್ನೆ ಒಂಚೂರು ಹೊತ್ತು ಕೂತು ಹೋಗು, ಸಾಕು. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ತನುಜಾ ಮತ್ತು ಬಿಂದು ಒಳಬಾಗಿಲಲ್ಲಿ ನಿಂತರು.

"ನಾನೆಂತ ಅಂದೆ?"

"ಕಂಬ ಏರಿದ ಮೇಲೆ ಮಾತಾಡಾಣ ಅಂದ್ರಿ."

"ಅವ?"

"ಆಯ್ತು, ಹಂಗೇ ಆಗ್ಲಿ ಅಂದ್ರು."

ಜಟ್ಟಿಂಗಪ್ಪ ಕಿಟಕಿಯಾಚೆ ಹೊಸ ಕಂಬ ನೋಡಿದರು. "ಬಿದಿರಿನ ಗಳ?"

"ಅದು ಸರಿ ಇತ್ತು."

"ಬಗನಿ?"

"ಅದು ದಬ ದಬ ಅಂತಿತ್ತು. ನಂಗೂ ಕೇಳ್ತು, ಕೆರಿಯಪ್ಪಂಗೂ ಕೇಳ್ತು. ನಾನೇ ಹೇಳ್ಬೇಡ ಅಂದೆ. ತಪ್ಪು ನಂದು."

ಜಟ್ಟಿಂಗಪ್ಪನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಈಗ ಎದ್ದು ಹೋಗಿ ಬಟ್ಟೆ ತರುತ್ತಾರೆ, ಸೆಟ್ಟಿಗೆ ಮುಚ್ಚುತ್ತಾರೆ ಎಂದು ಗುತ್ಯಮ್ಮ ಕಾದಳು. ಅವರು ಏಳಲಿಲ್ಲ. ಕೈ ಚಾಚಿ ಮೈಕು ತೆಗೆದುಕೊಂಡು, ಹನ್ನೊಂದು ವರ್ಷ ಹೇಳಿದ ಹಾಗೆ ತಮ್ಮ ಕಾಲ್ ಸೈನ್ ಹೇಳಿದರು, ಗೆಳೆಯನ ಕಾಲ್ ಸೈನ್ ಹೇಳಿದರು.

"ಶ್ಯಾಮ, ನೀನು ಹೇಳಿದ್ದು ಇವತ್ತು ಬಂತು ಮಾರಾಯ. ಓವರ್."

ಗುಂಡಿಯಿಂದ ಬೆರಳು ತೆಗೆದು ತಲೆ ವಾಲಿಸಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿಯ ಕಡೆ ತಿರುಗಿದರು.

"ಎಂತಾದ್ರೂ ಬಂತಾ?" ಎಂದು ಕೇಳಿದರು.

ಗುತ್ಯಮ್ಮ ಸೆಟ್ಟಿಗೆ ಕಿವಿಗೊಟ್ಟು ಕೇಳಿದಳು.

"ಇಲ್ಲ. ಎಂತದೂ ಬರ್ಲಿಲ್ಲ" ಎಂದಳು.